ಕತೆ ಪುಸ್ತಕದಿಂದ ಎಂತ ಲಾಭ ಎಂದು ಕೇಳುವವರಿಗೆ

ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದೆವು. ಉಮ್ಮನ ಅಣ್ಣ, ನನ್ನ ದೊಡ್ಡ ಮಾಮನ ಮನೆಯಲ್ಲಿ ಮಧ್ಯಾಹ್ನದ ಊಟ. ಊಟ ಮುಗಿಸಿ ನನ್ನ 9 ವರ್ಷದ ಮಗಳು ಚಾವಡಿಯ ಮೂಲೆಯಲ್ಲಿ ಕೂತು ಪುಸ್ತಕ ಓದುತ್ತಿದ್ದಳು. ಹಳೆಯ ‘ಅಂಬುಲಿಮಾಮಾ’ ಸಂಚಿಕೆಗಳನ್ನು ಒಟ್ಟು ಸೇರಿಸಿ ಬೈಂಡ್ ಮಾಡಿದ ಪುಸ್ತಕ ಅದು. ನಮ್ಮ ‘ಚಂದಮಾಮ’ದ ತಮಿಳು ರೂಪ. ಮಾಮ ಹತ್ತಿರ ಹೋಗಿ ಬಗ್ಗಿ ನೋಡಿದರು. ಪುಟದಲ್ಲಿ ರಾಜನೊಬ್ಬ ಕೈಯಲ್ಲಿ ಕತ್ತಿ ಹಿಡಿದು, ಹೆಗಲ ಮೇಲೆ ಹೆಣ ಹೊತ್ತು ನಡೆಯುತ್ತಿದ್ದ. ಮಾಮ ಪುಸ್ತಕವನ್ನು ಮೆಲ್ಲ ಎತ್ತಿ ಕಪಾಟಿನ ಮೇಲಿಟ್ಟರು.

“ಮೋನೇ, ನೀನು ಡಿಪ್ಲೊಮಾ ಕಲಿತವ. ಮಗುವಿಗೆ ಇಂಥದ್ದು ಕೊಡುವುದಾ? ಇದರಿಂದ ಎಂತ ಲಾಭ? ಮೇಲಾಗಿ ಇದೆಲ್ಲ ಸಿಹ್ರ್, ಶೈತಾನಿನ ಕತೆ” ಎಂದರು. ನಾನು ಮೆಲ್ಲ, “ನಾನೂ ಓದುತ್ತೇನೆ ಮಾಮಾ” ಎಂದೆ. “36 ವರ್ಷ ಆಯಿತಲ್ಲ ಮಾರಾಯ ನಿನಗೆ!” ಎಂದು ಅವರು ನಕ್ಕರು. ಚಾವಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ತಿರುಪ್ಪೂರಿಗೆ ವಾಪಸ್ ಬರುವಾಗ ರೈಲು ಪಾಲಕ್ಕಾಡ್ ದಾಟಿತ್ತು. ಮಗಳು ಕೇಳಿದಳು: “ಉಪ್ಪ ಯಾಕೆ ಏನೂ ಹೇಳಲಿಲ್ಲ? ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳಾಗುತ್ತದಲ್ಲಾ?”

ಬೇತಾಳ ರಾಜನಿಗೆ ಹಾಕುವ ಷರತ್ತು ಅದು. ಮಗಳು ಕೇಳಿದ್ದು ಸರಿ. ಅಂದು ಚಾವಡಿಯಲ್ಲಿ ಹೇಳದೆ ಉಳಿಸಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾಮನ ಮೇಲೆ ನನಗೆ ಕೋಪವಿಲ್ಲ. ಅವರು ಕೇಳಿದ ಎರಡು ಪ್ರಶ್ನೆಗಳನ್ನು ನಮ್ಮ ಸಮುದಾಯದ ನೂರು ಮನೆಗಳಲ್ಲಿ ನೂರು ಮಾಮಂದಿರು ಕೇಳುತ್ತಾರೆ. ಒಂದು, ಲಾಭ ಎಂತ? ಎರಡು, ಇದು ದೀನಿಗೆ ವಿರುದ್ಧ ಅಲ್ಲವಾ?

ಮೊದಲು ಈ ಕತೆಗಳು ನನಗೆ ಸಿಕ್ಕಿದ್ದು ಹೇಗೆಂದು ಹೇಳುತ್ತೇನೆ. ನನ್ನ ಉಪ್ಪನದ್ದು ಸಣ್ಣ ದಿನಸಿ ಅಂಗಡಿ. ಆಗ ಪ್ಲಾಸ್ಟಿಕ್ ಚೀಲ ಇಷ್ಟು ಬಂದಿರಲಿಲ್ಲ. ರದ್ದಿ ಪೇಪರನ್ನು ಕಿಲೋ ಲೆಕ್ಕದಲ್ಲಿ ತಂದು, ಮೈದಾ ಅಂಟು ಕಾಯಿಸಿ, ಉಮ್ಮ, ಅಕ್ಕ, ನಾನು ಕೂತು ಪೊಟ್ಟಣ ಅಂಟಿಸುತ್ತಿದ್ದೆವು. ಆ ರದ್ದಿಯಲ್ಲಿ ಯಾರದೋ ಮನೆಯ ಹಳೆ ‘ಚಂದಮಾಮ’ಗಳೂ ಬರುತ್ತಿದ್ದವು. ನಾನು ಅವನ್ನು ಎಳೆದು ಗೋಣಿಯ ಹಿಂದೆ ಅಡಗಿಸಿಡುತ್ತಿದ್ದೆ. ಧಾರಾವಾಹಿಯ ನಾಲ್ಕನೇ ಕಂತು ಸಿಕ್ಕಿದರೆ ಐದನೆಯದು ಇರುತ್ತಿರಲಿಲ್ಲ. ಅದು ಆಗಲೇ ಜೀರಿಗೆ ಪೊಟ್ಟಣವಾಗಿ ಯಾರದೋ ಅಡಿಗೆಮನೆ ಸೇರಿರುತ್ತಿತ್ತು. ಮಾಂತ್ರಿಕನ ಗುಹೆಗೆ ಹೊಕ್ಕ ಹುಡುಗ ಹೊರಗೆ ಬಂದನೋ ಇಲ್ಲವೋ ಎಂಬುದು ಎಷ್ಟೋ ವರ್ಷ ನನಗೆ ಗೊತ್ತಾಗಲಿಲ್ಲ. ಉಪ್ಪನ ಕಣ್ಣಿಗೆ ಬಿದ್ದರೆ ಕೈಯಿಂದ ಕಿತ್ತುಕೊಂಡು, “ಲೆಕ್ಕದ ಪುಸ್ತಕ ತೆಗೆ” ಎನ್ನುತ್ತಿದ್ದರು.

ಮುಂದೆ ಮೆಕ್ಯಾನಿಕಲ್ ಡಿಪ್ಲೊಮಾ, ಕೊಯಮತ್ತೂರಿನ ಒಂದು ಪಂಪ್ ಕಾರ್ಖಾನೆಯಲ್ಲಿ ಕೆಲಸ, ಆಮೇಲೆ ತಿರುಪ್ಪೂರಿನಲ್ಲಿ ನಿಟ್ಟಿಂಗ್ ಮೆಷಿನ್ ಸರ್ವಿಸ್. ಇಷ್ಟರಲ್ಲಿ ಕತೆಗಳು ಮರೆತೇ ಹೋಗಿದ್ದವು. ಲಾಕ್‌ಡೌನ್ ಮುಗಿದ ಮೇಲೆ ಒಮ್ಮೆ ಕೊಯಮತ್ತೂರಿನ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಬೈಂಡ್ ಮಾಡಿದ ‘ಅಂಬುಲಿಮಾಮಾ’ ಕಂಡಿತು. ಅಕ್ಷರ ತಮಿಳು, ಚಿತ್ರ ಅದೇ. ಅಂದಿನಿಂದ ಹುಡುಕಿ ಹುಡುಕಿ ಕನ್ನಡದ್ದನ್ನೂ ತಮಿಳಿನದ್ದನ್ನೂ ಸೇರಿಸಿ, ಮೊದಲಿನಿಂದ ಓದುತ್ತಿದ್ದೇನೆ. ಮಗಳ ಶಾಲೆಯಲ್ಲಿ ತಮಿಳು ಕಲಿಸುತ್ತಾರೆ. ಅವಳು ತಮಿಳಿನಲ್ಲಿ ಓದುತ್ತಾಳೆ, ನನಗೆ ಕನ್ನಡದಲ್ಲಿ ನೆನಪಾಗುತ್ತದೆ, ನಾವಿಬ್ಬರೂ ಅದರ ಬಗ್ಗೆ ಬ್ಯಾರಿಯಲ್ಲಿ ಜಗಳ ಮಾಡುತ್ತೇವೆ.

‘ಚಂದಮಾಮ’ವನ್ನು ಶುರು ಮಾಡಿದವರು ಸಿನಿಮಾದ ನಾಗಿರೆಡ್ಡಿ ಮತ್ತು ಚಕ್ರಪಾಣಿ. 1947ರ ಜುಲೈಯಲ್ಲಿ ತೆಲುಗು, ತಮಿಳಿನಲ್ಲಿ ಬಂತು, 1949ರಲ್ಲಿ ಕನ್ನಡಕ್ಕೆ ಬಂತು. ಮಾಂತ್ರಿಕರು, ಪಾತಾಳದ ಕೋಟೆ, ವಿಚಿತ್ರ ಪ್ರಾಣಿಗಳಿರುವ ಆ ಧಾರಾವಾಹಿಗಳನ್ನು ಬರೆದವರು ದಾಸರಿ ಸುಬ್ರಹ್ಮಣ್ಯಂ. ತೆಲುಗಿನ ‘ತೋಕಚುಕ್ಕ’ದಿಂದ ಶುರುಮಾಡಿ ವರ್ಷಗಟ್ಟಲೆ ಬರೆದರು. ಪತ್ರಿಕೆಯಲ್ಲಿ ಅವರ ಹೆಸರು ಬರುತ್ತಿರಲಿಲ್ಲ. ನಾವು ಓದಿದ್ದು ಯಾರು ಬರೆದದ್ದೆಂದು ತಿಳಿಯದೆಯೇ ದೊಡ್ಡವರಾದೆವು.

ಬೇತಾಳನ ಚಿತ್ರ ಬರೆದ ಶಂಕರ್ ಅವರದ್ದು ಇನ್ನೂ ಸೋಜಿಗ. ಪೂರ್ತಿ ಹೆಸರು ಕೆ. ಸಿ. ಶಿವಶಂಕರನ್. ಹೆಸರಿನ ಮೊದಲಿರುವ ‘ಕೆ’ ಕಾರತ್ತೊಳುವು ಎಂಬ ಹಳ್ಳಿ. ಅದು ಇರುವುದು ಈಗಿನ ತಿರುಪ್ಪೂರು ಜಿಲ್ಲೆಯಲ್ಲಿ! 1924ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮದರಾಸಿಗೆ ಹೋದವರು. 2020ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಸರ್ಕಾರ ಪದ್ಮಶ್ರೀ ಕೊಟ್ಟಿತು. ನನ್ನ ಉಪ್ಪನ ಅಂಗಡಿಯ ರದ್ದಿಯಲ್ಲಿ ನಾನು ಕಣ್ಣುಬಿಟ್ಟು ನೋಡುತ್ತಿದ್ದ ಚಿತ್ರಗಳು ನಾನು ಇಂದು ಹೊಟ್ಟೆಪಾಡಿಗೆ ಬಂದು ಕೂತ ಜಿಲ್ಲೆಯವರದ್ದು. ಡಿಪ್ಲೊಮಾದಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಎಂದರೆ ಗೆಳೆಯರಿಗೆ ತಲೆನೋವು. ನನಗೆ ಅದು ಸುಲಭವಾಗಿ ಹಿಡಿಯಿತು. ಕೋಟೆಯ ಮೆಟ್ಟಿಲು, ಕಂಬ, ರಥದ ಚಕ್ರವನ್ನು ಗೆರೆಯಲ್ಲಿ ಅಷ್ಟು ನೋಡಿದ್ದರಿಂದಲೇ ಎಂದು ನಾನು ನಂಬಿದ್ದೇನೆ.

ಲಾಭ ಕೇಳಿದಿರಲ್ಲ, ಇದೊಂದು ಸಣ್ಣ ಲಾಭ. ಇನ್ನು ದೊಡ್ಡದಕ್ಕೆ ಬರೋಣ.

ಬೇತಾಳನ ಕತೆ ಹೇಗೆ ಶುರುವಾಗುತ್ತದೆಂದು ನಮ್ಮಲ್ಲಿ ಅನೇಕರಿಗೆ ಮರೆತುಹೋಗಿದೆ. ಹೆಣ, ಮರ, ಸ್ಮಶಾನ ಮಾತ್ರ ನೆನಪಿದೆ. ಮೂಲ ಕತೆ 11ನೇ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿದೆ. ತ್ರಿವಿಕ್ರಮಸೇನ ಎಂಬ ರಾಜನ ಆಸ್ಥಾನಕ್ಕೆ ಒಬ್ಬ ಭಿಕ್ಷು ದಿನವೂ ಬಂದು ಒಂದು ಹಣ್ಣು ಕೊಟ್ಟು ಹೋಗುತ್ತಾನೆ. ರಾಜ ಅದನ್ನು ಭಂಡಾರದವನ ಕೈಗೆ ಕೊಡುತ್ತಾನೆ. ಅವನು ಕೋಣೆಯೊಳಗೆ ಎಸೆಯುತ್ತಾನೆ. ಹೀಗೆ ಹತ್ತು ವರ್ಷ. ಒಂದು ದಿನ ಸಾಕಿದ ಕೋತಿಯೊಂದು ಹಣ್ಣನ್ನು ಕಚ್ಚಿ ಒಡೆದಾಗ ಒಳಗಿನಿಂದ ರತ್ನ ಬೀಳುತ್ತದೆ. ಓಡಿಹೋಗಿ ಕೋಣೆ ತೆರೆದರೆ ಹಣ್ಣೆಲ್ಲ ಕೊಳೆತು, ರತ್ನದ ರಾಶಿ ಹೊಳೆಯುತ್ತಿರುತ್ತದೆ. ಭಿಕ್ಷುವಿಗೆ ಒಂದು ಉಪಕಾರ ಬೇಕಂತೆ. ರಾತ್ರಿ ಸ್ಮಶಾನಕ್ಕೆ ಬಂದು ಮರದಲ್ಲಿ ನೇತಾಡುವ ಹೆಣ ಹೊತ್ತು ತರಬೇಕಂತೆ. ರಾಜ ಒಪ್ಪುತ್ತಾನೆ. ಕೊನೆಗೆ ತಿಳಿಯುವುದು, ಭಿಕ್ಷುವಿಗೆ ಬೇಕಾದದ್ದು ರಾಜನ ತಲೆಯೇ. ಅದನ್ನು ಹೇಳಿ ರಾಜನನ್ನು ಉಳಿಸುವುದು ಹೆಣದೊಳಗಿನ ಬೇತಾಳ.

ಚಿಕ್ಕವನಿದ್ದಾಗ ಇದನ್ನು ಬೇಗ ಬೇಗ ದಾಟಿ ಹೋಗುತ್ತಿದ್ದೆ. ಈಗ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕಾರಣ ನನ್ನ ಉಪ್ಪ.

ಕೆಲವು ವರ್ಷಗಳ ಹಿಂದೆ ಉಪ್ಪನ ಅಂಗಡಿಗೆ ನಮ್ಮವರೇ ಒಬ್ಬರು ಬರಲು ಶುರುಮಾಡಿದರು. ಅಸರ್ ನಮಾಜು ಮುಗಿಸಿ ಬರುವುದು, ಸಲಾಂ ಹೇಳುವುದು, ಒಂದು ಡಬ್ಬಿ ಖರ್ಜೂರ ಇಟ್ಟುಹೋಗುವುದು. ಒಂದು ಹೂಡಿಕೆ ಕಂಪೆನಿಯ ಏಜೆಂಟ್ ಅವರು. ಬಡ್ಡಿ ಅಲ್ಲ, ವ್ಯಾಪಾರದ ಲಾಭಾಂಶ ಎಂದರು. ಉಪ್ಪ ಮೊದಲು ಸ್ವಲ್ಪ ಕೊಟ್ಟರು. ತಿಂಗಳು ತಿಂಗಳು ಲಾಭ ಬಂತು. ತಂಗಿಯ ಮದುವೆಗೆಂದು ಇಟ್ಟ ನಾಲ್ಕು ಲಕ್ಷವನ್ನೂ ಕೊಟ್ಟರು. ಹನ್ನೊಂದು ತಿಂಗಳು ಹಣ ಬಂತು. ಹನ್ನೆರಡನೇ ತಿಂಗಳು ಕಚೇರಿಗೆ ಬೀಗ ಬಿತ್ತು. ಖರ್ಜೂರದವರು ಫೋನ್ ಎತ್ತಲಿಲ್ಲ.

ನೆನಪಿಡಿ, ಇವರು ಜೀವನವಿಡೀ ‘ಲಾಭ ಎಂತ’ ಎಂದು ಕೇಳಿದ ಮನುಷ್ಯ. ಹತ್ತು ಗ್ರಾಂ ಏಲಕ್ಕಿಯಲ್ಲಿ ಎಷ್ಟು ಉಳಿಯುತ್ತದೆ ಎಂದು ಬಾಯಲ್ಲೇ ಲೆಕ್ಕ ಹಾಕುವವರು. ಆದರೆ ‘ಈ ಲಾಭ ಯಾವ ವ್ಯಾಪಾರದಿಂದ ಬರುತ್ತಿದೆ? ಇವನು ನನಗೆ ಪುಕ್ಕಟೆ ಹಣ್ಣು ಯಾಕೆ ಕೊಡುತ್ತಿದ್ದಾನೆ?’ ಎಂದು ಒಮ್ಮೆಯೂ ಕೇಳಲಿಲ್ಲ. ಬೇತಾಳನ ಕತೆ ಓದಿದ್ದರೆ ಉಪ್ಪ ಮೋಸ ಹೋಗುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಓದಿದವರೂ ಮೋಸ ಹೋಗುತ್ತಾರೆ. ಇಲ್ಲಿ ಕೊಂಗು ನಾಡಿನಲ್ಲಿ ಪೆರುಂದುರೈ ಸುತ್ತಮುತ್ತ ಈಮು ಹಕ್ಕಿ ಸಾಕಿದರೆ ತಿಂಗಳಿಗೆ ಇಷ್ಟು ಎಂಬ ಆಸೆಗೆ ಬಿದ್ದು ಹಣ ಹಾಕಿದ ರೈತರು 2012ರಲ್ಲಿ ಬೀದಿಗೆ ಬಂದರು. ಹಲಾಲ್ ಹೂಡಿಕೆ ಎಂಬ ಹೆಸರಿನಲ್ಲಿ 2019ರಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಮುಸ್ಲಿಂ ಕುಟುಂಬಗಳು ಕಳೆದುಕೊಂಡದ್ದನ್ನು ನೀವೆಲ್ಲ ನೋಡಿದ್ದೀರಿ. ಆದರೆ ಹಣ್ಣು ಕೊಡುವವನನ್ನು ಕಂಡಾಗ ಒಂದು ಪ್ರಶ್ನೆ ಏಳಬೇಕಲ್ಲ, ಆ ಪ್ರಶ್ನೆಗೆ ಮನಸ್ಸಿನಲ್ಲಿ ಮೊದಲೇ ಒಂದು ಜಾಗ ಬೇಕು. ಮಗುವಾಗಿದ್ದಾಗ ಆ ಜಾಗ ಮಾಡುವುದು ಕತೆ. ಲೆಕ್ಕದ ಪುಸ್ತಕ ಮಾಡುವುದಿಲ್ಲ, ಉಪ್ಪನೇ ಅದಕ್ಕೆ ಸಾಕ್ಷಿ.

ಹಿಂದಿನ ವರ್ಷ ಉಪ್ಪನಿಗೆ ಈ ಹಣ್ಣಿನ ಕತೆ ಹೇಳಿದೆ. ಪೂರ್ತಿ ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ, “ಮೊದಲ ದಿನವೇ ಹಣ್ಣು ಒಡೆದು ನೋಡಬೇಕಿತ್ತು” ಎಂದರು. ರಾಜನ ಬಗ್ಗೆ ಹೇಳಿದರೋ ತಮ್ಮ ಬಗ್ಗೆ ಹೇಳಿದರೋ ನಾನು ಕೇಳಲಿಲ್ಲ.

ಇನ್ನೊಂದು ಮಾತು. ಬೇತಾಳನ ಕೊನೆಯ ಪ್ರಶ್ನೆ ಒಂದು ಸಂಬಂಧದ ಗೋಜಲು. ಅದಕ್ಕೆ ರಾಜನಿಗೆ ಉತ್ತರ ಹೊಳೆಯುವುದಿಲ್ಲ. ಸುಮ್ಮನೆ ನಡೆಯುತ್ತಾನೆ. ಆಗಲೇ ಬೇತಾಳ ಮೆಚ್ಚಿ ಗುಟ್ಟು ಹೇಳುವುದು. ಅಷ್ಟೂ ಸಲ ಸರಿಯಾದ ಉತ್ತರ ಕೊಟ್ಟು ಸೋತವ, ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನದೆ ಗೆದ್ದ. ನನ್ನ ಕೆಲಸದಲ್ಲಿ ಇದರ ಬೆಲೆ ನನಗೆ ಗೊತ್ತು. ಬಟ್ಟೆಯ ಮೇಲೆ ಉದ್ದಕ್ಕೆ ಒಂದು ಸಣ್ಣ ಗೆರೆ ಬಿದ್ದರೆ, ಎರಡು ಸಾವಿರಕ್ಕೂ ಹೆಚ್ಚು ಸೂಜಿಗಳಲ್ಲಿ ಕೆಟ್ಟದ್ದು ಯಾವುದೆಂದು ಹುಡುಕಬೇಕು. ಓನರ್ ಹಿಂದೆ ನಿಂತಿರುತ್ತಾನೆ. ಗೊತ್ತಿಲ್ಲದೆ ಏನೋ ಒಂದು ಹೇಳಿ ಪಾರ್ಟ್ ಬದಲಿಸಿದರೆ ಅವನಿಗೆ ನಷ್ಟ, ನನ್ನ ಹೆಸರಿಗೆ ಕೆಟ್ಟದು. ‘ಇನ್ನೂ ಗೊತ್ತಾಗಿಲ್ಲ, ನೋಡುತ್ತೇನೆ’ ಎಂದು ಹೇಳಲು ಧೈರ್ಯ ಬೇಕು. ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಆ ಧೈರ್ಯ ಎಷ್ಟು ಮಂದಿಗೆ ಇದೆ?

ಈಗ ಎರಡನೇ ಪ್ರಶ್ನೆ, ಸಿಹ್ರ್. ಫತ್ವಾ ಕೊಡಲು ನಾನು ಆಲಿಂ ಅಲ್ಲ. ಸಿಹ್ರ್ ಮಾಡುವುದು, ಮಾಡಿಸುವುದು ದೊಡ್ಡ ಗುನಾಹ್ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮಾಟಗಾರನ ಕತೆ ಓದುವುದು ಮಾಟ ಮಾಡಿದಂತೆ ಆಗುವುದಾದರೆ, ಕಳ್ಳನ ಕತೆ ಓದಿದವರೆಲ್ಲ ಕಳ್ಳರಾಗಬೇಕು. ಈ ಕತೆಗಳಲ್ಲಿ ದುಷ್ಟ ಮಾಂತ್ರಿಕನ ಗತಿ ಏನಾಗುತ್ತದೆಂದು ನೋಡಿ. ಹಣ್ಣು ಕೊಟ್ಟ ಭಿಕ್ಷುವೂ ಬದುಕುವುದಿಲ್ಲ. ನಮ್ಮ ಊರಿನಲ್ಲಿ ಮದುವೆ ನಿಂತರೆ, ವ್ಯಾಪಾರ ಬಿದ್ದರೆ ‘ಯಾರೋ ಮಾಡಿಸಿದ್ದಾರೆ’ ಎಂದು ನೂಲು, ತಗಡಿಗೆ ಸಾವಿರಗಟ್ಟಲೆ ಸುರಿಯುವವರು ಕತೆ ಪುಸ್ತಕ ಓದಿ ಹಾಳಾದವರಾ? ಅವರಲ್ಲಿ ಎಷ್ಟೋ ಮಂದಿ ಪುಸ್ತಕವನ್ನೇ ಮುಟ್ಟಿದವರಲ್ಲ. ಮಗುವಿನ ಕೈಯ ಪುಸ್ತಕ ಕಸಿಯುವ ಮೊದಲು ಆ ಅಂಗಡಿಗಳನ್ನು ಮುಚ್ಚಿಸೋಣ.

‘ಇದು ನಮ್ಮ ಕತೆ ಅಲ್ಲ’ ಎಂಬ ಮಾತೂ ಬರುತ್ತದೆ. ಪಂಚತಂತ್ರವನ್ನು 8ನೇ ಶತಮಾನದಲ್ಲಿ ಇಬ್ನುಲ್ ಮುಖಫ್ಫಾ ‘ಕಲೀಲ ವ ದಿಮ್ನ’ ಎಂದು ಅರಬಿಗೆ ತಂದರು. ಅದು ಅರಬಿ ಗದ್ಯದ ಮಾದರಿಯಾಗಿ ಇಂದಿಗೂ ನಿಂತಿದೆ. ಕನ್ನಡದಲ್ಲಿ ದುರ್ಗಸಿಂಹ ಪಂಚತಂತ್ರ ಬರೆದದ್ದು ಅದಾದ ಮೇಲೆ, 11ನೇ ಶತಮಾನದಲ್ಲಿ. ವಿಕ್ರಮನ ಸಿಂಹಾಸನದ ಮೂವತ್ತೆರಡು ಕತೆಗಳನ್ನು ಬಾದಶಹನ ಅಪ್ಪಣೆಯಂತೆ ಪಾರ್ಸಿಗೆ ತಂದವರು ಮುಲ್ಲಾ ಅಬ್ದುಲ್ ಖಾದಿರ್ ಬದಾಯೂನಿ. ಅಕ್ಬರನ ಧಾರ್ಮಿಕ ಪ್ರಯೋಗಗಳನ್ನು ಕಟುವಾಗಿ ಟೀಕಿಸಿ ಬರೆದ ಅದೇ ಬದಾಯೂನಿ. ಇನ್ನು ಬೇತಾಳನನ್ನೇ ತೆಗೆದುಕೊಳ್ಳಿ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ 1805ರಲ್ಲಿ ‘ಬೈತಾಲ್ ಪಚೀಸಿ’ಯನ್ನು ಹಿಂದೂಸ್ತಾನಿಗೆ ತಂದವರು ಲಲ್ಲೂಲಾಲ್ ಮತ್ತು ಮಝರ್ ಅಲಿ ಖಾನ್ ವಿಲಾ. ಇವರ ಈಮಾನ್ ಹೆಣ ಹೊತ್ತ ರಾಜನಿಂದ ಅಲುಗಾಡಲಿಲ್ಲ.

ಅಷ್ಟು ದೂರ ಯಾಕೆ? ನಮ್ಮ ಮದುವೆ ಮನೆಗಳಲ್ಲಿ ಹಾಡುವ ಮಾಪಿಳ ಪಾಟಿನ ಪರಂಪರೆಯಲ್ಲಿ ಕೊಂಡೋಟ್ಟಿಯ ಮೊಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ ‘ಬದ್ರುಲ್ ಮುನೀರ್ ಹುಸ್ನುಲ್ ಜಮಾಲ್’ ಬರೆದರು. ರಾಜಕುಮಾರಿ, ಮಂತ್ರಿಯ ಮಗ, ಅವರ ನಡುವೆ ಜಿನ್ನುಗಳು. ಆಗ ಅವರಿಗೆ ಇಪ್ಪತ್ತರ ಪ್ರಾಯ. ನನ್ನ ಅಜ್ಜಿ ಮಳೆಗಾಲದ ರಾತ್ರಿ, ಕರೆಂಟ್ ಹೋದಾಗ, ಜಿನ್ನಿನ ಕತೆ ಹೇಳುತ್ತಿದ್ದರು. ಐದು ಹೊತ್ತು ನಮಾಜು ಬಿಟ್ಟವರಲ್ಲ ಅವರು. ಕತೆ ಮುಗಿದ ಮೇಲೆ ಎಲ್ಲ ಮಕ್ಕಳಿಂದ ದುಆ ಹೇಳಿಸಿ ಮಲಗಿಸುತ್ತಿದ್ದರು. ಕತೆ ಯಾವುದು, ಈಮಾನ್ ಯಾವುದು ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ನಮ್ಮ ಮಕ್ಕಳಿಗೆ ಅಷ್ಟು ಬುದ್ಧಿ ಇಲ್ಲ ಎಂದು ನಾವು ಯಾಕೆ ತೀರ್ಮಾನಿಸುವುದು? ಅದೇ ಮಗು ಅದೇ ಚಾವಡಿಯಲ್ಲಿ ಫೋನಿನಲ್ಲಿ ಮಂತ್ರದಂಡ ಬೀಸುವ ಕಾರ್ಟೂನ್ ನೋಡುವಾಗ ಯಾರೂ ಫೋನ್ ಎತ್ತಿ ಕಪಾಟಿನ ಮೇಲಿಡುವುದಿಲ್ಲ. ಫೋನ್ ಕೊಟ್ಟರೆ ಮಗು ಸದ್ದಿಲ್ಲದೆ ಕೂರುತ್ತದೆ. ಪುಸ್ತಕ ಕೊಟ್ಟರೆ ಪ್ರಶ್ನೆ ಕೇಳುತ್ತದೆ. ನಮಗೆ ಕಷ್ಟ ಆಗುವುದು ಅದರಿಂದ ಎಂದು ನನಗೆ ಅನುಮಾನ.

ಎದುರು ಪಕ್ಷದವರು ಹೇಳದ ಒಂದು ತಪ್ಪನ್ನೂ ನಾನೇ ಹೇಳಿಬಿಡುತ್ತೇನೆ. ಈ ಕತೆಗಳನ್ನು ಈಗ ಓದುವಾಗ ಚುಚ್ಚುವ ಜಾಗಗಳಿವೆ. ಹೆಣ್ಣು ಎಂದರೆ ಬಹುಪಾಲು ಗೆಲ್ಲಬೇಕಾದ ರಾಜಕುಮಾರಿ. ರಾಕ್ಷಸ ಎಂದರೆ ಕಪ್ಪು ಮೈ. ರಾಜ ಹೇಳಿದ್ದೇ ನ್ಯಾಯ. ಮಗಳು ಒಮ್ಮೆ, “ಇವಳಿಗೆ ಯಾರನ್ನು ಮದುವೆಯಾಗಬೇಕೆಂದು ಯಾಕೆ ಅವಳನ್ನೇ ಕೇಳುವುದಿಲ್ಲ?” ಎಂದಳು. ಬೇತಾಳ ಅಷ್ಟು ಪ್ರಶ್ನೆ ಕೇಳಿದರೂ ಈ ಪ್ರಶ್ನೆ ಕೇಳಿರಲಿಲ್ಲ. ಪುಸ್ತಕ ಕಪಾಟಿನ ಮೇಲಿದ್ದಿದ್ದರೆ ನಮ್ಮ ಮನೆಯಲ್ಲಿ ಆ ಮಾತೇ ಬರುತ್ತಿರಲಿಲ್ಲ. ಹಾಗಾಗಿ ಕೊಟ್ಟು ಬಿಟ್ಟುಬಿಡಬೇಡಿ, ಜೊತೆಗೆ ಕೂತು ಓದಿ.

ಕೊನೆಯದಾಗಿ, ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸುವ ವಿಷಯ. ಕೊಯಮತ್ತೂರಿನಲ್ಲಿ ದೇವಾಂಗ ನೇಕಾರರಿದ್ದಾರೆ. ಎಷ್ಟೋ ತಲೆಮಾರಿನ ಹಿಂದೆ ಬಂದವರು, ಮನೆಯಲ್ಲಿ ಇಂದಿಗೂ ಕನ್ನಡ. ನಾನು ಸರ್ವಿಸಿಗೆ ಹೋಗುವ ಒಂದು ಯುನಿಟ್ಟಿನಲ್ಲಿ ಅಂಥ ಹಿರಿಯರೊಬ್ಬರಿದ್ದಾರೆ. ಅವರ ಕನ್ನಡ ಕೇಳಲು ಬಹಳ ಚಂದ. ಆದರೆ ಕನ್ನಡ ಅಕ್ಷರ ಬಾರದು. ಅವರ ಮೊಮ್ಮಗನಿಗೆ ಮಾತು ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲಿ ಬರುತ್ತದೆ. “ನನ್ನ ಅಜ್ಜಿ ಹೇಳುತ್ತಿದ್ದ ಕತೆಗಳನ್ನು ನಾನು ಇವನಿಗೆ ಹೇಳಲಿಲ್ಲ, ಮಗ್ಗದ ಸದ್ದಿನಲ್ಲಿ ಪುರುಸೊತ್ತಾಗಲಿಲ್ಲ” ಎಂದು ಅವರು ಒಮ್ಮೆ ಹೇಳಿದರು. ನನಗೆ ನನ್ನ ಮನೆಯೇ ಕಂಡಿತು. ಬ್ಯಾರಿ ನಮ್ಮ ಬಾಯಲ್ಲೇ ಉಳಿದು ಬಂದ ಭಾಷೆ. 2007ರಲ್ಲಿ ಅಕಾಡೆಮಿ ಬಂತು, ‘ಬ್ಯಾರಿ’ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂತು, 2020ರಲ್ಲಿ ಲಿಪಿಯೂ ಬಂತು. ಎಲ್ಲವೂ ಸಂತೋಷವೇ. ಆದರೆ ‘ಅಕ್ಕಿ ತಾ, ಬಾಗಿಲು ಹಾಕು, ಎಷ್ಟು ಹಣ’ ಎಂದು ಹೇಳಲು ಮಾತ್ರ ಬಳಸುವ ಭಾಷೆಯನ್ನು ಮಗು ದೊಡ್ಡದಾದ ಮೇಲೆ ಸುಲಭವಾಗಿ ಬದಲಿಸಿಬಿಡುತ್ತದೆ. ಭಯ, ಆಸೆ, ಮುಂದೇನಾಯಿತೆಂಬ ಕುತೂಹಲ ಯಾವ ಭಾಷೆಯಲ್ಲಿ ಮೊದಲು ಹುಟ್ಟಿತೋ ಅದನ್ನು ಬಿಡುವುದು ಕಷ್ಟ.

ತಮಿಳು ಪುಟ ನೋಡುತ್ತ ನಾನು ಮಗಳಿಗೆ ಬ್ಯಾರಿಯಲ್ಲಿ ಕತೆ ಹೇಳಲು ಹೋದಾಗ ಎಷ್ಟೋ ಶಬ್ದ ನನ್ನ ಬಳಿ ಇರಲಿಲ್ಲ. ಉಮ್ಮನಿಗೆ ಫೋನ್ ಮಾಡಿ ಕೇಳಿದೆ. ಉಮ್ಮ ಶಬ್ದ ಹೇಳಿದರು, ಅದರ ಜೊತೆ ಅಜ್ಜಿಯ ಒಂದು ಕತೆಯೂ ನೆನಪಾಯಿತು. ಸ್ಪೀಕರಿನಲ್ಲಿ ಅರ್ಧ ಗಂಟೆ ಹೇಳಿದರು. ನಾನು ರೆಕಾರ್ಡ್ ಮಾಡಿಟ್ಟಿದ್ದೇನೆ.

ನಾನು ಕೇಳುವುದು ದೊಡ್ಡದೇನಲ್ಲ. ಈ ಪೆರ್ನಾಲಿಗೆ ಮಕ್ಕಳ ಕೈಗೆ ನೋಟು ಕೊಡುವಾಗ ಜೊತೆಗೆ ಒಂದು ಕತೆ ಪುಸ್ತಕ ಕೊಡಿ. ಕನ್ನಡದ್ದು, ತಮಿಳಿನದ್ದು, ಮಲಯಾಳದ್ದು, ನಿಮ್ಮ ಮಗುವಿಗೆ ಯಾವ ಅಕ್ಷರ ಬರುತ್ತದೋ ಅದು. ‘ಚಂದಮಾಮ’ 2013ರ ಹೊತ್ತಿಗೆ ನಿಂತುಹೋಯಿತು, ಹಳೆಯವು ಹುಡುಕಿದರೆ ಸಿಗುತ್ತವೆ. ಜಮಾಅತಿನ ಕಟ್ಟಡಕ್ಕೆ ಟೈಲ್ಸ್ ಹಾಕಿಸುವವರು ಒಂದು ಕಪಾಟು ಪುಸ್ತಕಕ್ಕೂ ಇಡಿ. ಮನೆಯಲ್ಲಿ ಪ್ರಾಯ ಆದವರಿದ್ದರೆ ಇವತ್ತೇ ಕೂತು ಕೇಳಿ, ಫೋನಿನಲ್ಲಿ ಹಿಡಿದಿಡಿ. ಅವರು ಹೋದ ಮೇಲೆ ಯಾವ ರದ್ದಿ ಅಂಗಡಿಯಲ್ಲೂ ಅದು ಸಿಗುವುದಿಲ್ಲ.

ಮಾಮಾ, ಇದನ್ನು ಯಾರಾದರೂ ನಿಮಗೆ ಓದಿ ಹೇಳಿಯೇ ಹೇಳುತ್ತಾರೆ. ಅಂದು ನಗಬಾರದಿತ್ತು, ಉತ್ತರ ಹೇಳಬೇಕಿತ್ತು, ತಪ್ಪು ನನ್ನದು. ಪುಸ್ತಕ ನಿಮ್ಮ ಕಪಾಟಿನ ಮೇಲೆಯೇ ಉಳಿದಿದೆ. ಬಕ್ರೀದಿಗೆ ಬಂದಾಗ ತೆಗೆದುಕೊಂಡು ಹೋಗುತ್ತೇವೆ. ಅಲ್ಲಿಯವರೆಗೆ ಅದನ್ನು ಗುಜರಿಗೆ ಹಾಕಬೇಡಿ. ತಮಿಳು ಬಾರದಿದ್ದರೂ ತೊಂದರೆ ಇಲ್ಲ, ಒಮ್ಮೆ ಚಿತ್ರಗಳನ್ನು ನೋಡಿ. ಕತೆ ಏನೆಂದು ಕೇಳಬೇಕು ಅನಿಸಿದರೆ ಫೋನ್ ಮಾಡಿ, ನನ್ನ ಮಗಳು ಬ್ಯಾರಿಯಲ್ಲೇ ಹೇಳುತ್ತಾಳೆ.